ಉದ್ಯಮ ಪ್ರಶ್ನೋತ್ತರ: ಬರೆದಿಟ್ಟ ಗುರಿ ಕೈಗೂಡಬೇಕಾದರೆ

ದೀಪಾವಳಿಯ ಅಂಗಡಿ ಪೂಜೆ ಮುಗಿದ ನಂತರದ ವಾರಗಳಲ್ಲಿ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮುಂದಿನ ವರ್ಷದ ಲೆಕ್ಕಾಚಾರದ ಕುರಿತಾಗಿರುತ್ತವೆ. ಈ ಸಂಚಿಕೆಗೆ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಆರು ಓದುಗರ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಅವರ ಕಸುಬುಗಳು ಬೇರೆ ಬೇರೆಯಾದರೂ ಎಲ್ಲರೂ ಕೇಳಿರುವುದು ವ್ಯಾಪಾರದಲ್ಲಿ ಗುರಿ ಇಟ್ಟುಕೊಳ್ಳುವುದು ಹೇಗೆ, ಇಟ್ಟುಕೊಂಡ ಗುರಿಯಂತೆ ನಡೆಯುವುದು ಹೇಗೆ ಎಂಬುದನ್ನೇ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ, ಹೆಸರುಗಳನ್ನು ಬರೆದವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಮಹಿಳೆಯರು ಸೇರಿ ಹಲಸಿನ ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ತಯಾರಿಸಿ ಉಡುಪಿ, ಮಣಿಪಾಲದ ಅಂಗಡಿಗಳಿಗೆ ಕೊಡುತ್ತೇವೆ. ಕಳೆದ ವರ್ಷ ಸುಮಾರು 6 ಲಕ್ಷ ರೂಪಾಯಿಯ ವ್ಯಾಪಾರವಾಯಿತು. ಪ್ರತಿ ದೀಪಾವಳಿಗೂ ಹೊಸ ಪುಸ್ತಕದ ಮೊದಲ ಪುಟದಲ್ಲಿ ‘ಈ ವರ್ಷ ವ್ಯಾಪಾರ ದುಪ್ಪಟ್ಟಾಗಬೇಕು’ ಎಂದು ಬರೆಯುತ್ತೇವೆ. ಮಾರ್ಚ್ ಬರುವ ಹೊತ್ತಿಗೆ ಆ ಪುಟವನ್ನು ಯಾರೂ ತಿರುಗಿ ನೋಡಿರುವುದಿಲ್ಲ. ಹೀಗೆ ಗುರಿ ಬರೆದಿಡುವುದರಿಂದ ಪ್ರಯೋಜನವಿದೆಯೇ?
— ಓದುಗಾರ್ತಿ, ಬ್ರಹ್ಮಾವರ

ಉತ್ತರ: ಪ್ರಯೋಜನ ಖಂಡಿತ ಇದೆ. ಆದರೆ ನೀವು ಇಷ್ಟು ವರ್ಷ ಬರೆದಿರುವುದು ಆಸೆಯನ್ನು. ಗುರಿಯನ್ನು ಬರೆಯುವುದು ಇನ್ನೂ ಬಾಕಿಯಿದೆ. ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಹಲವು ದಶಕಗಳ ಕಾಲ ಈ ವಿಷಯದಲ್ಲೇ ಅಧ್ಯಯನ ನಡೆಸಿದವರು. ‘ನಿಮ್ಮಿಂದಾದಷ್ಟು ಚೆನ್ನಾಗಿ ಮಾಡಿ’ ಎಂದು ಹೇಳಿಸಿಕೊಂಡವರಿಗಿಂತ, ಖಚಿತವಾದ ಮತ್ತು ಸ್ವಲ್ಪ ಕಷ್ಟವೇ ಆದ ಗುರಿಯನ್ನು ಎದುರಿಗಿಟ್ಟುಕೊಂಡವರು ಹೆಚ್ಚು ಸಾಧಿಸುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ. ಆದರೆ ಅದಕ್ಕೆ ಅವರು ಕೆಲವು ಷರತ್ತುಗಳನ್ನೂ ಹೇಳಿದ್ದಾರೆ: ಗುರಿಯನ್ನು ಕೆಲಸ ಮಾಡುವವರು ಮನಸಾರೆ ಒಪ್ಪಿರಬೇಕು, ಅದನ್ನು ಮುಟ್ಟುವ ಸಾಮರ್ಥ್ಯ ಅವರಲ್ಲಿರಬೇಕು, ಎಷ್ಟು ದೂರ ಬಂದೆವು ಎಂಬುದು ಅವರಿಗೆ ಆಗಾಗ ತಿಳಿಯುತ್ತಿರಬೇಕು. ನಿಮ್ಮ ಮೊದಲ ಪುಟದ ಸಾಲಿನಲ್ಲಿ ಈ ಮೂರಕ್ಕೂ ಜಾಗವಿಲ್ಲ.

ಮೊದಲು, ದುಪ್ಪಟ್ಟಾಗಬೇಕಾದದ್ದು ಯಾವುದು ಎಂದು ನಾಲ್ವರೂ ಕುಳಿತು ನಿಶ್ಚಯಿಸಿ. 6 ಲಕ್ಷದಲ್ಲಿ ಎಣ್ಣೆ, ಮೆಣಸು, ಉಪ್ಪು, ಪ್ಯಾಕೆಟ್, ರಿಕ್ಷಾ ಬಾಡಿಗೆ, ಅಂಗಡಿಯವರ ಕಮಿಷನ್ ಎಲ್ಲ ಕಳೆದು ಒಬ್ಬೊಬ್ಬರ ಕೈಗೆ ಸಿಕ್ಕಿದ್ದು ಎಷ್ಟು ಎಂಬುದು ನಿಮ್ಮ ಪತ್ರದಲ್ಲಿಲ್ಲ. ವ್ಯಾಪಾರ ಹೆಚ್ಚಿ ಕೈಗೆ ಬರುವುದು ಅಷ್ಟೇ ಉಳಿದರೆ ನಿಮಗೆ ಹೆಚ್ಚುವುದು ದುಡಿಮೆ ಮಾತ್ರ. ಆದ್ದರಿಂದ ಗುರಿಯನ್ನು ತಲಾ ಉಳಿತಾಯದ ಲೆಕ್ಕದಲ್ಲಿ ಬರೆದು, ಅದಕ್ಕೆ ಎಷ್ಟು ವ್ಯಾಪಾರ ಬೇಕು ಎಂದು ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ.

ಆ ಲೆಕ್ಕದಲ್ಲಿ 6 ಲಕ್ಷದ ವ್ಯಾಪಾರ 8 ಲಕ್ಷಕ್ಕೆ ಏರಬೇಕು ಎಂದು ಬಂತು ಎಂದಿಟ್ಟುಕೊಳ್ಳೋಣ. ಒಂದೇ ವರ್ಷದಲ್ಲಿ ದುಪ್ಪಟ್ಟು ಮಾಡುವುದಕ್ಕಿಂತ ಇದು ನಿಮ್ಮ ಶಕ್ತಿಗೆ ಹೊಂದುವ ಏರಿಕೆ ಎಂದು ನನ್ನ ಅಭಿಪ್ರಾಯ. ಹೆಚ್ಚುವರಿ 2 ಲಕ್ಷದಲ್ಲಿ ಅರ್ಧ ಹಪ್ಪಳದಿಂದ ಬರಬೇಕು. 25 ಹಪ್ಪಳದ ಒಂದು ಕಟ್ಟನ್ನು ಅಂಗಡಿಗೆ 100 ರೂಪಾಯಿಗೆ ಕೊಡುತ್ತೀರಿ ಎಂದರೆ 1,000 ಕಟ್ಟು, ಅಂದರೆ 25,000 ಹಪ್ಪಳ ಹೆಚ್ಚಿಗೆ ಆಗಬೇಕು. ಹಲಸಿನಕಾಯಿ ಬಲಿತು ನಿಲ್ಲುವುದು ಮತ್ತು ಹಪ್ಪಳ ಒಣಗುವಷ್ಟು ಬಿಸಿಲು ಸಿಗುವುದು, ಎರಡೂ ಕೂಡಿ ಬರುವ ಕಾಲ ನಮ್ಮ ಕರಾವಳಿಯಲ್ಲಿ ಬಹಳ ಚಿಕ್ಕದು. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದರೆ ಅಂಗಳದ ಕೆಲಸ ಮುಗಿದಂತೆಯೇ. ಕೈಗೆ 50 ಬಿಸಿಲಿನ ದಿನಗಳು ಸಿಕ್ಕಿದರೆ ದಿನಕ್ಕೆ 500 ಹಪ್ಪಳ ಈಗಿನದಕ್ಕಿಂತ ಹೆಚ್ಚು ಒತ್ತಬೇಕು. ಒಬ್ಬರು ದಿನಕ್ಕೆ 250 ಒತ್ತಬಲ್ಲರಾದರೆ ಇನ್ನೂ ಇಬ್ಬರ ಕೈ ಬೇಕು. ಈಗ ನಿಮ್ಮ ಗುರಿ ಯಾವುದೆಂದು ನೋಡಿ: ಫೆಬ್ರವರಿ ಮುಗಿಯುವುದರೊಳಗೆ ಇಬ್ಬರು ಕೆಲಸದವರನ್ನು ಹುಡುಕಿ ಕೂಲಿ ಮಾತಾಡಿರಬೇಕು, ಮಾರ್ಚ್ ಮಧ್ಯದೊಳಗೆ ಹಲಸಿನ ಮರವಿರುವ ಮನೆಯವರೊಂದಿಗೆ ಕಾಯಿಯ ದರ ಮತ್ತು ಕೊಯ್ಯುವ ದಿನ ಗೊತ್ತುಮಾಡಿರಬೇಕು, ಒಣಗಿಸಲು ಬೇಕಾದ ಚಾಪೆ, ಶೀಟುಗಳು ಅಷ್ಟರೊಳಗೆ ಮನೆಗೆ ಬಂದಿರಬೇಕು. ಈ ಕೆಲಸಗಳು ನಡೆಯದಿದ್ದರೆ ಏಪ್ರಿಲ್‌ನಲ್ಲಿ ಎಷ್ಟೇ ಹುಮ್ಮಸ್ಸಿದ್ದರೂ 25,000 ಹಪ್ಪಳ ಆಗುವುದಿಲ್ಲ. ನೀವು ಮಾರ್ಚ್ ತಿಂಗಳಲ್ಲಿ ಪುಟವನ್ನು ಮರೆಯುತ್ತಿದ್ದೀರಿ; ನಿಮ್ಮ ವರ್ಷದ ಗಳಿಕೆ ನಿಶ್ಚಯವಾಗುವುದು ಅದೇ ತಿಂಗಳಲ್ಲಿ.

ಮಾರಾಟದ ಕಡೆಯಿಂದಲೂ ಇದೇ ರೀತಿ ಎಣಿಸಬೇಕು. 1,000 ಕಟ್ಟುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಸುಮಾರು 17 ವಾರಗಳಲ್ಲಿ ಖಾಲಿಯಾಗಬೇಕಾದರೆ ವಾರಕ್ಕೆ 60 ಕಟ್ಟು ಹೋಗಬೇಕು. ಒಂದು ಅಂಗಡಿ ವಾರಕ್ಕೆ 5 ಕಟ್ಟು ಮಾರುತ್ತದೆ ಎಂದರೆ 12 ಹೊಸ ಅಂಗಡಿಗಳು ಬೇಕು. ಆ 12 ಅಂಗಡಿಗಳಿಗೆ ಹೋಗಿ ಮಾತನಾಡುವವರು ಯಾರು, ಯಾವ ವಾರ ಹೋಗುತ್ತಾರೆ ಎಂಬುದನ್ನು ಈಗಲೇ ಬರೆದಿಡಿ. ಜಾರ್ಜ್ ಡೊರಾನ್ ಎಂಬವರು 1981ರಲ್ಲಿ ಒಳ್ಳೆಯ ಗುರಿಗೆ ಐದು ಲಕ್ಷಣಗಳನ್ನು ಸೂಚಿಸಿದಾಗ, ‘ಇದನ್ನು ಯಾರು ಮಾಡುತ್ತಾರೆ ಎಂದು ಹೇಳಿರಬೇಕು’ ಎಂಬುದೂ ಅವುಗಳಲ್ಲಿ ಒಂದಾಗಿತ್ತು. ಮುಂದೆ ಇದನ್ನು ಪಾಠವಾಗಿ ಹೇಳಿಕೊಟ್ಟವರಲ್ಲಿ ಅನೇಕರು ಆ ಲಕ್ಷಣವನ್ನು ಕೈಬಿಟ್ಟು ಅದರ ಜಾಗದಲ್ಲಿ ಬೇರೊಂದನ್ನು ಸೇರಿಸಿದರು. ನಿಮ್ಮಂತಹ ಗುಂಪಿಗೆ ಬಹಳ ಅಗತ್ಯವಾದದ್ದು ಆ ಬಿಟ್ಟುಹೋದ ಲಕ್ಷಣವೇ. ನಾಲ್ವರದ್ದೂ ಆದ ಕೆಲಸ ಯಾರೊಬ್ಬರದ್ದೂ ಆಗದೆ ಉಳಿಯುತ್ತದೆ. ಒಂದೊಂದು ಕೆಲಸದ ಎದುರು ಒಬ್ಬರದೇ ಹೆಸರು ಇರಲಿ. ಉಳಿದ ಮೂವರು ಸಹಾಯ ಮಾಡಲಿ, ಉತ್ತರ ಹೇಳಬೇಕಾದವರು ಆ ಒಬ್ಬರೇ ಆಗಿರಲಿ.

ಪೀಟರ್ ಗಾಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರ ಅಧ್ಯಯನದ ಒಂದು ಫಲವೂ ನಿಮಗೆ ಉಪಯೋಗಕ್ಕೆ ಬರಬಹುದು. ‘ಇಂತಹ ಸಂದರ್ಭ ಬಂದರೆ ನಾನು ಇಂತಹದ್ದನ್ನು ಮಾಡುತ್ತೇನೆ’ ಎಂದು ಮುಂಚೆಯೇ ನಿಶ್ಚಯಿಸಿಕೊಂಡವರು, ಬರಿಯ ಸಂಕಲ್ಪ ಮಾಡಿಕೊಂಡವರಿಗಿಂತ ಹೆಚ್ಚು ಸಲ ಆ ಕೆಲಸವನ್ನು ಮಾಡಿ ಮುಗಿಸುತ್ತಾರೆ. ಬೆಳಿಗ್ಗೆ 8 ಗಂಟೆಗೆ ಮೋಡ ಕವಿದಿದ್ದರೆ ಆ ದಿನ ಹಪ್ಪಳದ ಹಿಟ್ಟು ಮಾಡದೆ ಉಪ್ಪಿನಕಾಯಿಯ ಬಾಟಲಿಗಳನ್ನು ತುಂಬಿಸುವುದು ಎಂದು ಮೊದಲೇ ಮಾತಾಗಿದ್ದರೆ, ಅಂಗಳದಲ್ಲಿ ನಿಂತು ಆಕಾಶ ನೋಡುತ್ತಾ ಕಳೆಯುವ ಅರ್ಧ ದಿನ ಉಳಿಯುತ್ತದೆ. ಒಬ್ಬರ ಮನೆಯಲ್ಲಿ ಮದುವೆಯೋ ಕೋಲವೋ ಬಂದರೆ ಅವರ ಕೆಲಸವನ್ನು ಯಾರು ವಹಿಸಿಕೊಳ್ಳುವುದು ಎಂಬುದೂ ಹೀಗೆಯೇ ಗೊತ್ತಾಗಿರಲಿ. ಏಪ್ರಿಲ್, ಮೇ ತಿಂಗಳುಗಳು ನಮ್ಮಲ್ಲಿ ಹಪ್ಪಳದ ಕಾಲವಾಗಿರುವಂತೆಯೇ ಸಮಾರಂಭಗಳ ಕಾಲವೂ ಹೌದು.

ಇನ್ನು ಪುಸ್ತಕದ ಮೊದಲ ಪುಟದ ಬದಲು ದೊಡ್ಡ ಹಾಳೆಯೊಂದರಲ್ಲಿ ಬರೆದು, ಕೆಲಸ ಮಾಡುವ ಕೋಣೆಯ ಗೋಡೆಗೆ ಅಂಟಿಸಿ. ವಾರದ ಒಂದು ದಿನ, ಒಂದೇ ಹೊತ್ತಿಗೆ, ಅರ್ಧ ಗಂಟೆ ಅದರ ಮುಂದೆ ಕುಳಿತುಕೊಳ್ಳಿ. ಪುರುಸೊತ್ತಾದಾಗ ಸೇರೋಣ ಎಂದುಕೊಂಡರೆ ಪುರುಸೊತ್ತು ಮಳೆಗಾಲದಲ್ಲಿ ಆಗುತ್ತದೆ.

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಬಂದು ತಂದೆಯವರ ಬಟ್ಟೆ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದೇನೆ. ವಾರ್ಷಿಕ ಗುರಿ, ತಿಂಗಳ ಗುರಿ ಎಂದು ನಾನು ತಯಾರಿಸಿದ ಪಟ್ಟಿಗಳನ್ನು ಅಪ್ಪ ನೋಡುವುದೇ ಇಲ್ಲ. ‘ಅದೆಲ್ಲ ದೊಡ್ಡ ಕಂಪನಿಗಳಿಗೆ, ನಮ್ಮದು ದಿನದ ವ್ಯಾಪಾರ’ ಎನ್ನುತ್ತಾರೆ. ಅವರಿಗೆ ಹೇಗೆ ಮನವರಿಕೆ ಮಾಡಲಿ?
— ಓದುಗರು, ಕಾರ್ಕಳ

ಉತ್ತರ: ‘ದಿನದ ವ್ಯಾಪಾರ’ ಎಂಬ ನಿಮ್ಮ ತಂದೆಯವರ ಮಾತನ್ನು ಗುರಿಗೆ ವಿರುದ್ಧವಾದ ಮಾತೆಂದು ತಿಳಿಯಬೇಡಿ. ಈ ಊರಿನಲ್ಲಿ ದೊಡ್ಡ ಗುರಿಗಳೆಲ್ಲ ದಿನದ ಲೆಕ್ಕದಿಂದಲೇ ಬೆಳೆದಿವೆ. 1906ರ ಮಾರ್ಚ್ 12ರಂದು ಹಾಜಿ ಅಬ್ದುಲ್ಲಾ ಸಾಹೇಬರ ನೇತೃತ್ವದಲ್ಲಿ ಉಡುಪಿಯಲ್ಲಿ ಬ್ಯಾಂಕೊಂದು ಆರಂಭವಾಯಿತು; ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಅದು. ಆರಂಭದ ಬಂಡವಾಳ 5,000 ರೂಪಾಯಿ. ಮೊದಲ ದಿನದ ಕೊನೆಗೆ ಅಲ್ಲಿದ್ದ ಸಂಪನ್ಮೂಲ 38 ರೂಪಾಯಿ 13 ಆಣೆ 2 ಪೈ. ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸಬೇಕೆಂಬ ಉದ್ದೇಶ ಹೊತ್ತವರು ಮೊದಲ ದಿನವೇ ಪೈಯವರೆಗೆ ಲೆಕ್ಕ ಇಟ್ಟಿದ್ದರು ಎಂಬುದನ್ನು ಗಮನಿಸಿ.

ಇನ್ನೂ ಹತ್ತಿರದ ಉದಾಹರಣೆ ಸಿಂಡಿಕೇಟ್ ಬ್ಯಾಂಕಿನದು. ಕೈಮಗ್ಗದ ಕಸುಬು ಕುಸಿದು ನೇಕಾರರು ಸಂಕಷ್ಟದಲ್ಲಿದ್ದಾಗ ಅವರಿಗೆ ನೆರವಾಗಲೆಂದು ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ. ಎಂ. ಎ. ಪೈ ಅವರು 1925ರಲ್ಲಿ 8,000 ರೂಪಾಯಿ ಬಂಡವಾಳದೊಂದಿಗೆ ಉಡುಪಿಯಲ್ಲಿ ಅದನ್ನು ಸ್ಥಾಪಿಸಿದರು. ಬಡವರೂ ಉಳಿಸುವಂತಾಗಬೇಕು ಎಂಬುದು ಒಂದು ಒಳ್ಳೆಯ ಮಾತಾಗಿಯೇ ಉಳಿದುಬಿಡಬಹುದಿತ್ತು. ಅವರು 1928ರಲ್ಲಿ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದು, ಏಜೆಂಟರು ಮನೆ ಬಾಗಿಲಿಗೇ ಹೋಗಿ ದಿನಕ್ಕೆ 2 ಆಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುವ ಏರ್ಪಾಡು ಮಾಡಿದರು. ಎಷ್ಟು, ಯಾವಾಗ, ಯಾರು, ಎಲ್ಲಿ ಎಂಬ ಎಲ್ಲ ಪ್ರಶ್ನೆಗಳಿಗೂ ಆ ಒಂದು ಏರ್ಪಾಡಿನಲ್ಲಿ ಉತ್ತರವಿತ್ತು. ಕಾರ್ಕಳದ ಪೇಟೆಯಲ್ಲಿ ವರ್ಷಗಟ್ಟಲೆ ಅಂಗಡಿ ನಡೆಸಿದ ನಿಮ್ಮ ತಂದೆಯವರು ಪಿಗ್ಮಿ ಕಟ್ಟಿಯೇ ಇರುತ್ತಾರೆ. ಆ ಕ್ರಮವನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದ್ದರಿಂದ ನಿಮ್ಮ ಪಟ್ಟಿಗಳನ್ನು ಸದ್ಯಕ್ಕೆ ಬದಿಗಿಡಿ. ಅಂಗಡಿಯ ಯಾವ ವಿಷಯದ ಬಗ್ಗೆ ಅವರೇ ಆಗಾಗ ಬೇಸರಪಡುತ್ತಾರೆ ಎಂದು ಗಮನಿಸಿ, ಆ ಒಂದನ್ನು ಮಾತ್ರ ಎತ್ತಿಕೊಳ್ಳಿ. ಬಟ್ಟೆ ಅಂಗಡಿಯಲ್ಲಿ ಅದು ಬಹುಮಟ್ಟಿಗೆ ಮಾರಾಟವಾಗದೆ ಉಳಿದ ಹಳೆಯ ದಾಸ್ತಾನು ಇಲ್ಲವೇ ಉದ್ರಿ ಬಾಕಿ ಆಗಿರುತ್ತದೆ. ದಾಸ್ತಾನು ಎಂದಾದರೆ, ಒಂದು ವರ್ಷಕ್ಕಿಂತ ಹಳೆಯದಾದ ಸರಕು ಯಾವುದು, ಕೊಂಡ ಬೆಲೆಯಲ್ಲಿ ಅದರ ಮೊತ್ತವೆಷ್ಟು ಎಂದು ಇಬ್ಬರೂ ಸೇರಿ ಒಂದು ಭಾನುವಾರ ಕಪಾಟು ಕಪಾಟಾಗಿ ಎಣಿಸಿ. ಆಟಿ ತಿಂಗಳಲ್ಲಿ ಮದುವೆಗಳಿಲ್ಲದೆ ವ್ಯಾಪಾರ ತಣ್ಣಗಿರುವಾಗ ಇದರಲ್ಲಿ ಎಷ್ಟನ್ನು ಹೊರಗೆ ಹಾಕಬಹುದು ಎಂದು ಅವರನ್ನೇ ಕೇಳಿ. ಅವರು ಹೇಳಿದ ಮೊತ್ತವೇ ಗುರಿಯಾಗಲಿ, ನಿಮಗೆ ಅದು ಕಡಿಮೆ ಎನಿಸಿದರೂ ಆಗಲಿ. ಪ್ರತಿ ರಾತ್ರಿ ಬಾಗಿಲು ಹಾಕುವಾಗ ರೋಕಡದ ಲೆಕ್ಕದ ಜೊತೆಗೆ ಆ ದಿನ ಹಳೆಯ ಸರಕು ಎಷ್ಟು ಹೋಯಿತು ಎಂಬ ಒಂದು ಸಾಲನ್ನು ಬರೆಯಿರಿ. ಇಷ್ಟು ವರ್ಷ ಅಂಗಡಿಯನ್ನು ನಡೆಸಿದವರು ಅವರು. ಅವರ ಅನುಭವಕ್ಕೆ ನಿಮ್ಮ ಕ್ರಮ ಜೊತೆಯಾಗಿ ಒಂದು ಕೆಲಸ ನೆರವೇರಿದರೆ, ಎರಡನೆಯ ಗುರಿಯ ಮಾತನ್ನು ಅವರೇ ತೆಗೆಯುವ ಸಂಭವ ಹೆಚ್ಚು.

ಪ್ರಶ್ನೆ: ಬೈಕಂಪಾಡಿಯಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಘಟಕವಿದೆ. ವರ್ಷಕ್ಕೆ 2 ಕೋಟಿ ರೂಪಾಯಿ ವಹಿವಾಟಿನ ಗುರಿ ಇಟ್ಟುಕೊಂಡು ಮೂರು ವರ್ಷ ದುಡಿದೆ, ಕಳೆದ ವರ್ಷ ಅದನ್ನು ಮುಟ್ಟಿದೆ. ಆದರೆ ಸಂಬಳ ಕೊಡುವ ದಿನ ಬಂದರೆ ಈಗಲೂ ಓವರ್‌ಡ್ರಾಫ್ಟ್ ಸಾಲದ ಮೊರೆ ಹೋಗಬೇಕಾಗುತ್ತದೆ. ಗುರಿ ಮುಟ್ಟಿಯೂ ಹೀಗೇಕೆ?
— ಓದುಗರು, ಸುರತ್ಕಲ್

ಉತ್ತರ: ನೀವು ಗುರಿ ಇಟ್ಟದ್ದು ಬಿಲ್ಲಿನ ಮೊತ್ತಕ್ಕೆ, ಸಂಬಳ ಕೊಡುವುದು ಕೈಗೆ ಬಂದ ಹಣದಿಂದ. ಬಾಕಿ ಸಾಮಾನ್ಯವಾಗಿ ಮೂರು ತಿಂಗಳಿಗೆ ಬರುತ್ತದೆ ಎಂದು ಪತ್ರದ ಕೊನೆಯಲ್ಲಿ ತಿಳಿಸಿದ್ದೀರಿ. 2 ಕೋಟಿ ವಹಿವಾಟಿಗೆ ದಿನವೊಂದಕ್ಕೆ ಸುಮಾರು 55,000 ರೂಪಾಯಿ ಆಗುತ್ತದೆ. 90 ದಿನಗಳ ಬಾಕಿ ಎಂದರೆ ಹತ್ತಿರ ಹತ್ತಿರ 49 ಲಕ್ಷ ರೂಪಾಯಿ ಯಾವಾಗಲೂ ಗಿರಾಕಿಗಳ ಬಳಿಯೇ ಇರುತ್ತದೆ, ಅದಕ್ಕೆ ಬಡ್ಡಿ ಕಟ್ಟುತ್ತಿರುವವರು ನೀವು. ವಹಿವಾಟು 3 ಕೋಟಿಗೆ ಏರಿದರೆ ಈ ಮೊತ್ತ 74 ಲಕ್ಷವಾಗುತ್ತದೆಯೇ ಹೊರತು ನಿಮ್ಮ ಕಷ್ಟ ಕಡಿಮೆಯಾಗುವುದಿಲ್ಲ. ಹಾಗಾಗಿ ಈ ವರ್ಷ ವಹಿವಾಟನ್ನು ಹೆಚ್ಚಿಸುವ ಗುರಿಯನ್ನು ಇಟ್ಟುಕೊಳ್ಳಲೇ ಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ. ವಸೂಲಿಯ ಸರಾಸರಿ ಅವಧಿಯನ್ನು 90 ದಿನದಿಂದ 60 ದಿನಕ್ಕೆ ಇಳಿಸುವುದೊಂದೇ ಗುರಿಯಾಗಿರಲಿ. ಅದು ಕೈಗೂಡಿದರೆ 16 ಲಕ್ಷಕ್ಕೂ ಹೆಚ್ಚು ಹಣ ಯಾವ ಹೊಸ ಆರ್ಡರೂ ಇಲ್ಲದೆ ನಿಮ್ಮ ಖಾತೆಗೆ ಬರುತ್ತದೆ.

ಇದಕ್ಕೆ ಕಾನೂನಿನ ಬೆಂಬಲವೂ ಇದೆ. ನಿಮ್ಮಂತಹ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಹಣವನ್ನು, ಲಿಖಿತ ಒಪ್ಪಂದವಿದ್ದರೆ ಅದರ ಅವಧಿಯೊಳಗೆ, ಹೇಗಿದ್ದರೂ 45 ದಿನ ಮೀರದಂತೆ ಕೊಡಬೇಕು. ಒಪ್ಪಂದವಿಲ್ಲದಿದ್ದರೆ 15 ದಿನಗಳಲ್ಲಿ ಕೊಡಬೇಕು ಎಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ಇದರ ಮೇಲೆ, ಈ ಅವಧಿಯೊಳಗೆ ಹಣ ಪಾವತಿಸದ ಖರೀದಿದಾರರು ಆ ಖರ್ಚನ್ನು ಅದೇ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ಆದಾಯದಿಂದ ಕಳೆಯುವಂತಿಲ್ಲ, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಕಳೆಯಬಹುದು ಎಂಬ ನಿಯಮವನ್ನು 2023ರ ಹಣಕಾಸು ಕಾಯ್ದೆ ತಂದಿದೆ. ಸಣ್ಣ ಉದ್ದಿಮೆಯೆಂದು ಸರಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಮಾಡಿಸಿರದಿದ್ದರೆ ಈ ವಾರವೇ ಮಾಡಿಸಿ, ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೂ ಮುದ್ರಿಸಿ.

ಆದರೆ ಹಳೆಯ ಗಿರಾಕಿಗಳ ಮುಂದೆ ಕಾಯ್ದೆಯ ಹೆಸರೆತ್ತುವುದಕ್ಕೆ ಮೊದಲು ನಿಮ್ಮ ಕಡೆಯ ಕೆಲಸಗಳನ್ನು ಸರಿಪಡಿಸಿಕೊಳ್ಳಿ. ಸರಕು ಹೊರಟ ದಿನವೇ ಬಿಲ್ಲು ಹೋಗುತ್ತಿದೆಯೇ, ಅಥವಾ ತಿಂಗಳ ಕೊನೆಗೆ ಒಟ್ಟಿಗೆ ಮಾಡುತ್ತೀರಾ? ಗಡುವಿಗೆ ಒಂದು ವಾರ ಮೊದಲು ನೆನಪಿಸುವ ಫೋನ್ ಮಾಡುವುದು ಯಾರ ಕೆಲಸ? 60 ದಿನ ಮೀರಿದ ಬಾಕಿ ಇರುವವರಿಗೆ ಹೊಸ ಆರ್ಡರ್ ತೆಗೆದುಕೊಳ್ಳುವಾಗ ಮುಂಗಡ ಕೇಳುತ್ತೀರಾ? ಪ್ರತಿ ಸೋಮವಾರ ಬಾಕಿಯ ಪಟ್ಟಿಯನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೊದಲ ತಿಂಗಳಲ್ಲಿಯೇ ಫಲ ಕಾಣಿಸತೊಡಗುವ ಕೆಲಸವಿದು.

ಪ್ರಶ್ನೆ: ನನ್ನ ಗೃಹೋಪಯೋಗಿ ವಸ್ತುಗಳ ಮಳಿಗೆಯಲ್ಲಿ ಏಳು ಮಂದಿ ಸೇಲ್ಸ್‌ನವರಿದ್ದಾರೆ. ತಿಂಗಳಿಗೆ ಇಷ್ಟು ಎಂದು ಟಾರ್ಗೆಟ್ ಕೊಟ್ಟು ಅದರ ಮೇಲೆ ಇನ್ಸೆಂಟಿವ್ ಇಟ್ಟೆ. ಮಾರಾಟ ಹೆಚ್ಚಿತು, ಜೊತೆಗೆ ಗಿರಾಕಿಗಳ ದೂರುಗಳೂ ವಸ್ತು ಹಿಂತಿರುಗಿಸುವುದೂ ಹೆಚ್ಚಿದೆ. ಟಾರ್ಗೆಟ್ ಕೊಡುವುದೇ ತಪ್ಪೇ?
— ಓದುಗರು, ಮಂಗಳೂರು

ಉತ್ತರ: ಟಾರ್ಗೆಟ್ ತಪ್ಪಲ್ಲ, ಒಂದೇ ಸಂಖ್ಯೆಯ ಟಾರ್ಗೆಟ್ ಅಪಾಯಕಾರಿ. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕ್ ಪ್ರತಿಯೊಬ್ಬ ಗ್ರಾಹಕನಿಗೂ ಹೆಚ್ಚು ಹೆಚ್ಚು ಖಾತೆ, ಕಾರ್ಡುಗಳನ್ನು ಮಾರುವಂತೆ ನೌಕರರ ಮೇಲೆ ಒತ್ತಡ ಹೇರಿತು. ಗುರಿ ಮುಟ್ಟಲಾಗದ ನೌಕರರು ಗ್ರಾಹಕರಿಗೆ ತಿಳಿಯದಂತೆ ಅವರ ಹೆಸರಿನಲ್ಲಿ ಲಕ್ಷಗಟ್ಟಲೆ ಖಾತೆಗಳನ್ನು ತೆರೆದರು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ನೌಕರರು ಕೆಲಸ ಕಳೆದುಕೊಂಡಿದ್ದರು. ನಿಮ್ಮ ಹುಡುಗರು ಅಂತಹ ಕೆಲಸ ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ; ಇಬ್ಬರೇ ಇರುವ ಮನೆಗೆ ದೊಡ್ಡ ಫ್ರಿಜ್ ಒಪ್ಪಿಸಿ ಕಳುಹಿಸುವುದಕ್ಕೂ ಅದಕ್ಕೂ ಮೂಲ ಒಂದೇ ಎಂದಷ್ಟೇ ಹೇಳುತ್ತಿದ್ದೇನೆ. ಸಂಬಳ ಯಾವ ಅಂಕಿಯನ್ನು ಅವಲಂಬಿಸಿದೆಯೋ ಆ ಅಂಕಿಯನ್ನು ಜನ ಹೇಗಾದರೂ ತಂದುಕೊಡುತ್ತಾರೆ.

ಮಾರಾಟದ ಮೊತ್ತದಿಂದ ಹಿಂತಿರುಗಿ ಬಂದ ವಸ್ತುಗಳ ಮೊತ್ತವನ್ನು ಕಳೆದ ಮೇಲೆ ಇನ್ಸೆಂಟಿವ್ ಲೆಕ್ಕ ಹಾಕಿ, ಮತ್ತು ಅದನ್ನು ಒಂದು ತಿಂಗಳು ತಡವಾಗಿ ಕೊಡಿ. ಏಳು ಮಂದಿಗೂ ಸೇರಿ ಒಂದು ಸಾಮೂಹಿಕ ಗುರಿ ಇರಲಿ: ಹಳೆಯ ಗಿರಾಕಿಗಳು ಅಥವಾ ಅವರು ಕಳುಹಿಸಿದವರು ಈ ತಿಂಗಳು ಎಷ್ಟು ಮಂದಿ ಬಂದರು ಎಂಬುದು. ಮಂಗಳೂರಿನಂತಹ ಊರಿನಲ್ಲಿ ಒಂದು ಮನೆಯ ಅಸಮಾಧಾನ ಹತ್ತು ಮನೆಗಳಿಗೆ ತಲುಪಲು ಹೆಚ್ಚು ದಿನ ಬೇಕಾಗುವುದಿಲ್ಲ.

ಪ್ರಶ್ನೆ: ಮಲ್ಪೆಯಲ್ಲಿ ನಮ್ಮ ಮನೆಯವರ ಎರಡು ಬೋಟುಗಳಿವೆ. ಸಮುದ್ರದ ವ್ಯವಹಾರದಲ್ಲಿ ಗುರಿ ಎಂದು ಹೇಳುವುದಕ್ಕೆ ಏನಿದೆ? ಮೀನು ಸಿಕ್ಕಿದರೆ ಸಿಕ್ಕಿತು.
— ಓದುಗರು, ಮಲ್ಪೆ

ಉತ್ತರ: ಮೀನು ಸಿಗುವುದು ನಿಮ್ಮ ಕೈಯಲ್ಲಿಲ್ಲ, ನಿಜ. ಆದರೆ ಋತುವಿನ ನಡುವೆ ಎಂಜಿನ್ ಕೆಟ್ಟು ಬೋಟು ದಕ್ಕೆಯಲ್ಲಿ ನಿಂತ ದಿನಗಳೆಷ್ಟು, ಒಂದು ಟ್ರಿಪ್ಪಿಗೆ ಸುಟ್ಟ ಡೀಸೆಲ್ ಎಷ್ಟು, ಐಸ್ ಸಾಲದೆ ದರ ಕಳೆದುಕೊಂಡ ಮೀನು ಎಷ್ಟು ಎಂಬುದೆಲ್ಲ ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧವಿರುವುದರಿಂದ, ದಿನಾಂಕ ಹಾಕಿ ಗುರಿ ಬರೆಯುವುದಕ್ಕೆ ನಿಮ್ಮಷ್ಟು ಅನುಕೂಲ ಇರುವ ಉದ್ಯಮಗಳು ಕಡಿಮೆ. ಎಂಜಿನ್ ಕೆಲಸ, ಬಲೆಯ ದುರಸ್ತಿ, ಪೇಂಟಿಂಗ್, ಕಾಗದಪತ್ರಗಳ ನವೀಕರಣ ಇವೆಲ್ಲ ಜುಲೈ 20ರೊಳಗೆ ಮುಗಿಯಬೇಕು ಎಂದು ಇಟ್ಟುಕೊಂಡರೆ, ಕೊನೆಯ ವಾರದಲ್ಲಿ ಎಲ್ಲ ಬೋಟಿನವರೂ ಒಬ್ಬನೇ ಮೆಕ್ಯಾನಿಕ್‌ನ ಹಿಂದೆ ಓಡುವಾಗ ನೀವು ಮಂಜುಗಡ್ಡೆ ತುಂಬಿಸುತ್ತಿರುತ್ತೀರಿ.

ಒಂದು ಗುರಿಯನ್ನು ಮಾತ್ರ ದಯವಿಟ್ಟು ಇಟ್ಟುಕೊಳ್ಳಬೇಡಿ, ಅದು ಹೋದ ವರ್ಷಕ್ಕಿಂತ ಇಷ್ಟು ಟನ್ ಹೆಚ್ಚು ಹಿಡಿಯಬೇಕು ಎಂಬುದು. ಮರಿಮೀನುಗಳನ್ನೂ ಬಿಡದೆ ಬಾಚುವ, 2017ರಲ್ಲಿ ಕೇಂದ್ರ ಸರಕಾರ ನಿಷೇಧಿಸಿದ ಬೆಳಕಿನ ಮೀನುಗಾರಿಕೆಯಂತಹ ದಾರಿಗಳನ್ನು ಹಿಡಿಸುವುದು ಅಂತಹ ಲೆಕ್ಕವೇ. ಹಿಡಿದ ಮೀನಿಗೆ ಕಿಲೋವೊಂದಕ್ಕೆ ಖರ್ಚು ಎಷ್ಟು, ಸಿಕ್ಕಿದ ದರ ಎಷ್ಟು ಎಂಬುದನ್ನು ಟ್ರಿಪ್ಪಿನ ಲೆಕ್ಕದಲ್ಲಿ ಬರೆಯುತ್ತಾ ಹೋಗಿ. ಹತ್ತು ತಿಂಗಳ ಅಂತಹ ದಾಖಲೆ ನಿಮ್ಮ ಬಳಿ ಇದ್ದರೆ ಮುಂದಿನ ನಿಷೇಧದ ಅವಧಿಯಲ್ಲಿ ಎಲ್ಲಿ ಹಣ ಹಾಕಬೇಕು ಎಂಬುದು ತಾನಾಗಿ ಕಾಣುತ್ತದೆ.

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಗೇರುಬೀಜ ಕಾರ್ಖಾನೆಯಿಂದ ತಿರುಳು ಕೊಂಡು, ಪ್ಯಾಕೆಟ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಿದ್ದೇವೆ. ತಿಂಗಳಿಗೆ 500 ಪ್ಯಾಕೆಟ್ ಎಂಬ ಗುರಿ ಇಟ್ಟು ಒಂದೂವರೆ ವರ್ಷವಾಯಿತು, 140ಕ್ಕಿಂತ ಮೇಲೆ ಹೋಗಿಲ್ಲ. ಗುರಿಯನ್ನು ಬಿಡುವುದೇ, ಹಿಡಿದುಕೊಂಡು ನಿಲ್ಲುವುದೇ?
— ಓದುಗರು, ಕುಂದಾಪುರ

ಉತ್ತರ: ಗುರಿ ಬೇರೆ, ಅದನ್ನು ಮುಟ್ಟಲು ಹಿಡಿದ ದಾರಿ ಬೇರೆ. ಅಡಿಕೆ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗಬೇಕೆಂದು 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಸ್ಥಾಪನೆಯಾಯಿತು. ಅಡಿಕೆ ತೋಟದಲ್ಲೇ ಬೆಳೆಯುವ ಕೊಕ್ಕೊದ ಬೆಲೆ ಕುಸಿದು, ಕೊಳ್ಳುತ್ತಿದ್ದ ಕಂಪನಿಗಳು ಹಿಂದೆ ಸರಿದಾಗ ಸಂಸ್ಥೆ ಕೊಕ್ಕೊವನ್ನೂ ಖರೀದಿಸತೊಡಗಿತು. ಖರೀದಿಸಿದ್ದಕ್ಕೆ ಶಾಶ್ವತವಾದ ಬಳಕೆ ಬೇಕಾದಾಗ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಆರಂಭಿಸಿತು. ಬೆಳೆಗಾರನ ಬೆಲೆ ಎಂಬ ಗುರಿ ಹಾಗೆಯೇ ಇತ್ತು, ಅದಕ್ಕಾಗಿ ಮಾಡುವ ಕೆಲಸ ಕಾಲಕ್ಕೆ ತಕ್ಕಂತೆ ಬದಲಾಯಿತು.

ನಿಮ್ಮ 500 ಪ್ಯಾಕೆಟ್ ಕೂಡ ಒಂದು ದಾರಿಯ ಲೆಕ್ಕವೇ ಹೊರತು ಗುರಿಯಲ್ಲ ಎಂದು ನನಗೆ ತೋರುತ್ತದೆ. ಈ ವ್ಯಾಪಾರದಿಂದ ಮನೆಗೆ ತಿಂಗಳಿಗೆ ಎಷ್ಟು ಬರಬೇಕು ಎಂಬುದನ್ನು ಮೊದಲು ಬರೆಯಿರಿ. ಆಮೇಲೆ 140ರಲ್ಲಿ ಎರಡನೆಯ ಸಲ ಕೊಂಡವರು ಎಷ್ಟು ಮಂದಿ ಎಂದು ಎಣಿಸಿ. ಅರ್ಧಕ್ಕಿಂತ ಹೆಚ್ಚು ಮಂದಿ ಮರಳಿ ಬರುತ್ತಿದ್ದರೆ ಸರಕು ಚೆನ್ನಾಗಿದೆ, ತಿಳಿದವರು ಸಾಲದು ಎಂದರ್ಥ. ಮರಳಿ ಬರುತ್ತಿಲ್ಲವಾದರೆ ಬೆಲೆ ಅಥವಾ ಗುಣಮಟ್ಟದಲ್ಲಿ ಕೊರತೆಯಿದೆ, ಜಾಹೀರಾತಿಗೆ ಹಾಕುವ ಹಣ ನಿಲ್ಲುವುದಿಲ್ಲ. ಒಂದು ಪೌಂಡಿಗೆ 220ರಿಂದ 240 ತಿರುಳು ಬರುವ ಡಬ್ಲ್ಯು 240 ದರ್ಜೆಯನ್ನು ಉಡುಗೊರೆಯ ಡಬ್ಬಿಗೂ, 300ರಿಂದ 320 ಬರುವ ಡಬ್ಲ್ಯು 320 ದರ್ಜೆಯನ್ನು ದಿನಬಳಕೆಗೂ ಬೇರೆ ಮಾಡಿ, ದೀಪಾವಳಿಗೆ ಮೂರು ತಿಂಗಳು ಮೊದಲೇ ಕಚೇರಿಗಳಿಂದ ಒಟ್ಟು ಆರ್ಡರ್ ಹಿಡಿಯುವುದನ್ನು ಯೋಚಿಸಿದ್ದೀರಾ? ಒಂದೊಂದೇ ಪ್ಯಾಕೆಟಿನ ಕೊರಿಯರ್ ಖರ್ಚು ನಿಮ್ಮ ಲಾಭದ ದೊಡ್ಡ ಪಾಲನ್ನು ತಿನ್ನುತ್ತಿರುವುದು ಪತ್ರದಲ್ಲಿ ಕೊಟ್ಟ ಅಂಕಿಗಳಿಂದಲೇ ತಿಳಿಯುತ್ತದೆ.

ಎಲ್ಲಿಯವರೆಗೆ ಹಿಡಿದು ನಿಲ್ಲುವುದು ಎಂಬುದನ್ನು ಮನಸ್ಸು ಸಮಾಧಾನವಾಗಿರುವಾಗ, ಇಬ್ಬರೂ ಕೂಡಿ ಈಗಲೇ ತೀರ್ಮಾನಿಸಿ. ಇಂತಹ ತಿಂಗಳ ಕೊನೆಗೆ ಮನೆಗೆ ಬರುವ ಮೊತ್ತ ಇಷ್ಟಕ್ಕಿಂತ ಕಡಿಮೆಯಿದ್ದರೆ ನಿಲ್ಲಿಸುವುದು, ಅಲ್ಲಿಯವರೆಗೆ ನಿಲ್ಲಿಸುವ ಮಾತನ್ನೇ ಎತ್ತದೆ ದುಡಿಯುವುದು ಎಂದು ತಿಂಗಳು ಮತ್ತು ಮೊತ್ತ ಎರಡನ್ನೂ ಬರೆದು ದಿನಾಂಕ ಹಾಕಿ. ಮರಳಿ ಬಂದ ಗಿರಾಕಿಗಳ ಲೆಕ್ಕವನ್ನು ನನಗೆ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯೊಂದರಲ್ಲಿ ಬೆಲೆಯ ವಿಷಯವನ್ನು ವಿವರವಾಗಿ ನೋಡೋಣ.